ಹಾಡು ಜೋರಾಯಿತು, ಪದ ಕೇಳಲಿಲ್ಲ

ನಮ್ಮ ಕಡೆ ಹಾಡು ತಯಾರಾಗುವುದು ಮನೆಯಲ್ಲಿ, ಪರೀಕ್ಷೆಗೆ ಕೂಡುವುದು ಟಂಟಂನಲ್ಲಿ. ಸೇಡಂನಿಂದ ಹಳ್ಳಿಗಳಿಗೆ ಹೋಗುವ ಟಂಟಂಗಳಲ್ಲಿ ಸೀಟಿನ ಹಿಂದೆ ಎರಡು ಸ್ಪೀಕರ್, ಮುಂದೆ ಪೆನ್‌ಡ್ರೈವ್ ಚುಚ್ಚುವ ಒಂದು ಡಬ್ಬಿ. ಸಿನಿಮಾ ಹಾಡು, ಲಂಬಾಣಿ ಹಾಡು, ತೆಲುಗು ಜಾನಪದ, ಮೊಹರಂ ಪದ, ಭಜನೆ ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾಡು ಬದಲಾದಾಗ ಡ್ರೈವರನ ಕೈ ವಾಲ್ಯೂಮಿನ ಕಡೆ ಹೋಯಿತೋ ಇಲ್ಲವೋ ಎನ್ನುವುದೇ ನಮ್ಮಂಥ ಮನೆ ರೆಕಾರ್ಡಿಂಗಿನವರ ಫಲಿತಾಂಶ. ನಾನು ಮಾಡಿದ ಭಜನೆ ಬಂದಾಗ ಕೈ ಹೋಯಿತು. ಪೂರ್ತಿ ತಿರುಗಿಸಿದರೂ ಎಂಜಿನ್ನಿನ ಗಡಗಡದೊಳಗೆ ಹಾಡನ್ನು ಹುಡುಕಬೇಕಿತ್ತು. "ಇದ್ಯಾಕ ಇಷ್ಟ್ ಸಣ್ಣ ಅದ?" ಎಂದವನೇ ಮುಂದಿನ ಹಾಡಿಗೆ ಹಾರಿದ. ಅವನಿಗೆ ಅದನ್ನು ಮಾಡಿದವನು ಹಿಂದೆಯೇ ಕೂತಿದ್ದಾನೆ ಎಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಜೋರಿನ ಹುಚ್ಚು ನನಗೆ ಹತ್ತಿದ್ದು ಆಗ.

ನಾನು ವಾಡಿಯವನು. ಮುಂಬೈ–ಚೆನ್ನೈ ಮುಖ್ಯ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವ ಊರು. ಹಗಲು ರಾತ್ರಿ ಗೂಡ್ಸ್ ಓಡಾಡುತ್ತಲೇ ಇರುತ್ತದೆ. ಮನೆಯ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೇ ನನ್ನ ಸ್ಟುಡಿಯೋ. ಹಳೆಯ ಲ್ಯಾಪ್‌ಟಾಪ್, ಎರಡು ಮೈಕ್ ಚುಚ್ಚಬಹುದಾದ ಒಂದು ಸೌಂಡ್ ಡಬ್ಬಿ, ಸಾಲ ಮಾಡಿ ಕೊಂಡ ಒಂದು ಕಂಡೆನ್ಸರ್ ಮೈಕ್, ಪುಕ್ಕಟೆ ಸಿಗುವ ಆಡಾಸಿಟಿ ಸಾಫ್ಟ್‌ವೇರು. ನೆಲಕ್ಕೆ ಪರ್ಸಿ, ಗೋಡೆಯ ಅರ್ಧದವರೆಗೆ ಪರ್ಸಿ, ಮೇಲೆ ಮುಚ್ಚಿದ್ದೂ ಪರ್ಸಿ. ಹತ್ತಿರದ ಶಹಾಬಾದಿನ ಹೆಸರು ಹೊತ್ತು ದೇಶವೆಲ್ಲ ಹೋಗುವ ಕಲ್ಲು ನಮಗೆ ಮನೆ ಕಟ್ಟುವ ಅಗ್ಗದ ಸಾಮಾನು. ಬೇಸಿಗೆಯಲ್ಲಿ ಅದರ ಮೇಲೆ ಮಲಗುವುದು ಸುಖ. ಅದರ ನಡುವೆ ಕೂತು ಹಾಡುವುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ರೆಕಾರ್ಡ್ ಮಾಡಿಸಿಕೊಳ್ಳಲು ಬಂದದ್ದು ಸೇಡಂ ತಾಲ್ಲೂಕಿನ ಒಂದು ಭಜನಾ ಮೇಳ. ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯರ ತತ್ವಪದಗಳು, ನಡುನಡುವೆ ಶರೀಫರ ಪದಗಳು ಅವರ ಬಂಡವಾಳ. ಮುಂದೆ ಹಾಡುವವರನ್ನು ಊರೆಲ್ಲ ಮುತ್ಯಾ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತಿದ್ದೆ. ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ, ಮಳಖೇಡ ರೋಡ್, ಚಿತ್ತಾಪುರ ದಾಟಿ, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಊರ ಮಠದ ಜಾತ್ರೆಗೆ ಹಾಡುಗಳು ಪೆನ್‌ಡ್ರೈವಿನಲ್ಲಿ ಬೇಕಿದ್ದವು. ಮೊದಲ ಹಾಡು ಟಂಟಂನಲ್ಲಿ ಸೋತದ್ದನ್ನು ನೋಡಿದ್ದ ನಾನು ಉಳಿದವುಗಳಿಗೆ ಸೊಂಟ ಕಟ್ಟಿ ನಿಂತೆ.

ಮೇಳ ಬಂದ ಕೂಡಲೇ ರೂಢಿಯಂತೆ ಅರ್ಧ ವೃತ್ತದಲ್ಲಿ ಕೂತಿತು. ಮುತ್ಯಾ ನಡುವೆ, ಹಾರ್ಮೋನಿಯಂ ಅವರ ಎಡಕ್ಕೆ ಒಂದು ಮೊಳ ಹಿಂದೆ, ತಬಲಾ ಬಲಕ್ಕೆ, ತಾಳದವರು ಎಲ್ಲರಿಗಿಂತ ಹಿಂದೆ ಬಾಗಿಲ ಹತ್ತಿರ. ನಾನು ಎಬ್ಬಿಸಿದೆ. "ಹಂಗ ಕುಂತ್ರ ಆಗಲ್ರೀ ಮುತ್ಯಾ, ಒಬ್ಬೊಬ್ರದ್ದು ಬ್ಯಾರೆ ಬ್ಯಾರೆ ತೊಗೋತೀನಿ" ಎಂದೆ. ಹಾರ್ಮೋನಿಯಂಗೆ ಒಂದು ಗೇಣು ದೂರದಲ್ಲಿ ಮೈಕ್, ತಬಲಾಕ್ಕೂ ಅಷ್ಟೇ, ತಾಳಕ್ಕೂ ಅಷ್ಟೇ. ಕೊನೆಗೆ ಮುತ್ಯಾನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಒಬ್ಬರನ್ನೇ ಮೈಕಿನ ಮುಂದೆ ನಿಲ್ಲಿಸಿದೆ. ಎಪ್ಪತ್ತು ದಾಟಿದ ಮನುಷ್ಯ, ಎದುರಿಗೆ ಯಾರೂ ಇಲ್ಲದೆ ಹಾಡಿದ್ದು ಬಹುಶಃ ಅದೇ ಮೊದಲು. ಸುಮ್ಮನೆ ಹಾಡಿದರು. ದೊಡ್ಡ ಸ್ಟುಡಿಯೋಗಳಲ್ಲಿ ಹೀಗೇ ಮಾಡುತ್ತಾರೆಂದು ವಿಡಿಯೋ ನೋಡಿ ಕಲಿತಿದ್ದೆ. ಆ ಸ್ಟುಡಿಯೋಗಳ ಗೋಡೆಗೆ ಪರ್ಸಿ ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಡಿಜಿಟಲ್ ರೆಕಾರ್ಡಿಂಗಿಗೆ ದಾಟಲಾಗದ ಒಂದು ಮೇಲ್ಮಿತಿ ಇದೆ. ಅದನ್ನು ಸೊನ್ನೆ ಡೆಸಿಬಲ್ ಎನ್ನುತ್ತಾರೆ, ಉಳಿದುದೆಲ್ಲ ಅದರ ಕೆಳಗೆ ಮೈನಸ್ ಲೆಕ್ಕ. ಅಲೆಯ ತುದಿ ಸೊನ್ನೆ ಮುಟ್ಟಿದ ಮೇಲೆ ಇನ್ನೂ ಎತ್ತಿದರೆ ತುದಿ ಕತ್ತರಿಸಿ ಹೋಗುತ್ತದೆ, ಕರಕರ ಶುರುವಾಗುತ್ತದೆ. ನನ್ನ ಭಜನೆಯ ತುದಿಗಳು ಆಗಲೇ ಸೊನ್ನೆಯ ಹತ್ತಿರ ಇದ್ದವು, ಆದರೂ ಸದ್ದು ಸಣ್ಣ. ಯಾಕೆಂದರೆ ತುದಿ ಮುಟ್ಟುತ್ತಿದ್ದದ್ದು ಮುತ್ಯಾನ ದನಿಯಲ್ಲ, ತಾಳ. ತಾಳದ ಪೆಟ್ಟು ಕೆಲವೇ ಮಿಲಿಸೆಕೆಂಡಿನದು. ಮೀಟರ್ ಅದನ್ನು ದೊಡ್ಡದಾಗಿ ತೋರಿಸುತ್ತದೆ. ಕಿವಿ ಜೋರನ್ನು ಅಳೆಯುವುದು ಅದಕ್ಕಿಂತ ಉದ್ದದ ಹೊತ್ತಿನ ಸರಾಸರಿಯಿಂದ, ಹಾಗಾಗಿ ಅದಕ್ಕೆ ಅಷ್ಟು ಜೋರು ಅನಿಸುವುದಿಲ್ಲ. ಹೀಗೆ ತಾಳ ಮೇಲಿನ ಜಾಗವನ್ನೆಲ್ಲ ಹಿಡಿದು ಕೂತಿತ್ತು, ಪದ ಕೆಳಗಿತ್ತು. ಇದನ್ನು ಇವತ್ತು ಎರಡು ಸಾಲಿನಲ್ಲಿ ಬರೆಯುತ್ತಿದ್ದೇನೆ. ಆಗ ತಿಳಿದಿರಲಿಲ್ಲ.

ಆಗ ಸಿಕ್ಕದ್ದು ಲಿಮಿಟರ್. ಒಂದು ಮಟ್ಟ ದಾಟಿದ ತುದಿಗಳನ್ನು ಕ್ಷಣದಲ್ಲಿ ಒತ್ತಿ, ಉಳಿದದ್ದನ್ನು ಮೇಲೆತ್ತಲು ಜಾಗ ಮಾಡಿಕೊಡುವ ಸಾಧನ. ಮೂರು ಡೆಸಿಬಲ್ ಎತ್ತಿದೆ, ಚೆನ್ನಾಗಿ ಕೇಳಿಸಿತು. ಆರು ಎತ್ತಿದೆ, ಇನ್ನೂ ಚೆನ್ನಾಗಿ ಕೇಳಿಸಿತು. ಇಲ್ಲಿ ಕಿವಿ ಮಾಡುವ ಮೋಸ ದೊಡ್ಡದು: ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಅದೇ ಉತ್ತಮ ಎಂದು ತೀರ್ಪು ಕೊಡುತ್ತದೆ. ನಾನು ಒಂದೊಂದು ಗುಂಡಿ ತಿರುಗಿಸಿದಾಗಲೂ ಹಾಡು ಜೋರಾಗುತ್ತಿತ್ತು, ಅದನ್ನೇ ಸುಧಾರಣೆ ಎಂದು ನಂಬಿದೆ. ಮೊದಲಿನದನ್ನೂ ಆಮೇಲಿನದನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ ನೋಡಬೇಕು ಎನ್ನುವ ಬುದ್ಧಿ ಬಂದಿದ್ದರೆ ಆ ರಾತ್ರಿಯೇ ನಿಲ್ಲಿಸುತ್ತಿದ್ದೆ. ಹನ್ನೆರಡು ಡೆಸಿಬಲ್‌ವರೆಗೆ ಹೋದೆ. ಪರದೆಯ ಮೇಲೆ ಏರಿಳಿತವಿದ್ದ ಅಲೆ ಹಾಸಿದ ಪರ್ಸಿಯಂತೆ ಸಪಾಟಾಯಿತು. ನೋಡಿ ಖುಷಿಪಟ್ಟೆ, ಸಿನಿಮಾ ಹಾಡಿನ ಅಲೆಯೂ ಹೀಗೇ ಕಾಣುತ್ತದಲ್ಲ ಎಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಮ್ಮಿಯಿತ್ತು. ಬೇರೆ ಬೇರೆ ತೆಗೆದಿದ್ದ ಮೂಲ ಟ್ರ್ಯಾಕುಗಳನ್ನು ಅಳಿಸಿ, ಜೋರು ಮಾಡಿದ ಫೈಲುಗಳನ್ನು ಮಾತ್ರ ಉಳಿಸಿಕೊಂಡೆ.

ಜಾತ್ರೆಯಲ್ಲಿ ಮಠದ ಮುಂದಿನ ಬೇವಿನ ಮರಕ್ಕೆ ಎರಡು ಹಾರ್ನ್ ಕಟ್ಟಿದ್ದರು. ಹಾಡು ಹಚ್ಚಿದರು. ಸದ್ದೇನೋ ಊರಾಚೆಗೂ ಹೋಯಿತು. ಹುಡುಗರು "ಭಾರಿ ಆವಾಜ್ ಅದ ಅಣ್ಣಾ" ಎಂದರು. ಹಿರಿಯರು ಕೂತಲ್ಲಿ ಕೂತು ಕೇಳಿದರು, ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿ ತಾಳಕ್ಕೆ ಮುತ್ಯಾನ ದನಿ ಕುಗ್ಗುತ್ತಿತ್ತು, ತಾಳ ಹೋದ ಕೂಡಲೇ ಉಬ್ಬುತ್ತಿತ್ತು. ಲಿಮಿಟರ್ ತಾಳವನ್ನು ಒತ್ತುವಾಗ ಜೊತೆಗಿದ್ದ ಎಲ್ಲವನ್ನೂ ಒತ್ತುತ್ತಿತ್ತು, ಪದವನ್ನೂ. ಪದ ನಿಂತಲ್ಲೆಲ್ಲ ನಮ್ಮ ಮನೆಯ ಫ್ಯಾನು ಕೇಳುತ್ತಿತ್ತು. ಒಂದು ಕಡೆ ಹಿಂದಿನಿಂದ ಗೂಡ್ಸ್ ಗಾಡಿಯೊಂದು ಹಾಡಿನೊಳಗೇ ಹಾದು ಹೋಯಿತು. ಮುತ್ಯಾ ಹಾರ್ನ್ ಕಡೆ ನೋಡಿ ಹೇಳಿದ್ದು ಇಷ್ಟೆ: "ಆವಾಜ್ ಜೋರ್ ಅದ ತಮ್ಮಾ. ಪದಾ ತಿಳೀವಲ್ದು." ತತ್ವಪದಕ್ಕೆ ಇದಕ್ಕಿಂತ ದೊಡ್ಡ ಸೋಲು ಇಲ್ಲ. ಅದನ್ನು ಕೇಳುವವರು ರಾಗಕ್ಕಾಗಿ ಕೂತವರಲ್ಲ. ಗುಟ್ಟು ಇರುವುದು ಸಾಲಿನ ಕೊನೆಯ ಮಾತಿನಲ್ಲಿ, ಹಾಡುವವರ ದನಿ ಇಳಿಯುವುದೂ ಅಲ್ಲೇ.

ಯೂಟ್ಯೂಬಿಗೆ ಹಾಕಿದ ಹಾಡಿನ ಗತಿ ಇನ್ನೂ ವಿಚಿತ್ರ. ಅಲ್ಲಿ ಅದು ಜೋರಾಗಿಯೂ ಕೇಳಲಿಲ್ಲ. ಕಾರಣ ಹುಡುಕುತ್ತ ಹೋದಾಗ ಒಂದು ಇಡೀ ಇತಿಹಾಸ ತೆರೆದುಕೊಂಡಿತು. 2006ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ತುದಿಗಳ ಬದಲು ಕಿವಿಗೆ ಅನಿಸುವ ಜೋರನ್ನು ಅಳೆಯುವ ಪದ್ಧತಿಯೊಂದನ್ನು ಗೊತ್ತುಮಾಡಿತು. ಈಗ ಎಲ್‌ಯುಎಫ್‌ಎಸ್ ಎಂಬ ಅಳತೆ ನಡೆಯುವುದು ಅದರ ಮೇಲೆಯೇ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14ರ ಸುತ್ತ ತಂದು ನುಡಿಸುತ್ತದೆ. ಯೂಟ್ಯೂಬ್ ಕೂಡ ಹೆಚ್ಚುಕಮ್ಮಿ ಆ ಮಟ್ಟಕ್ಕೆ ಜೋರಿನ ಹಾಡನ್ನು ಇಳಿಸುತ್ತದೆ, ಸಣ್ಣದನ್ನು ಎತ್ತುವ ಗೊಡವೆಗೆ ಹೋಗುವುದಿಲ್ಲ. ನನ್ನ ಭಜನೆ ಮೈನಸ್ 7ರಲ್ಲಿತ್ತು. ಅಂದರೆ ಏಳು ಡೆಸಿಬಲ್ ಇಳಿಸಿ, ಅಲೆಯ ಎತ್ತರವನ್ನು ಶೇಕಡ 45ಕ್ಕೆ ತಂದು ನುಡಿಸುತ್ತಿದ್ದರು. ನಾನು ಒತ್ತಿ ಗಳಿಸಿದ ಜೋರು ಹೋಯಿತು, ಒತ್ತಿದ್ದರಿಂದ ಆದ ಗಾಯ ಮಾತ್ರ ಉಳಿಯಿತು. ಪಕ್ಕದ ಹಾಡಿನಲ್ಲಿ ತಬಲಾದ ಪೆಟ್ಟು ಜಿಗಿದು ಬರುತ್ತಿತ್ತು, ನನ್ನದರಲ್ಲಿ ಜಿಗಿಯಲು ಏನೂ ಉಳಿದಿರಲಿಲ್ಲ.

ಈ ರೋಗ ದೊಡ್ಡವರಿಗೂ ಹತ್ತಿತ್ತು ಎಂದು ಓದಿ ಸ್ವಲ್ಪ ಸಮಾಧಾನವಾಯಿತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ದೂರಿದರು: ಜೋರು ಮಾಡಲು ಹೋಗಿ ಅಲೆಗಳನ್ನೇ ಕತ್ತರಿಸಿದ್ದೀರಿ, ಇವೇ ಹಾಡುಗಳು ವಿಡಿಯೋ ಗೇಮ್ ಒಂದರಲ್ಲಿ ಇದಕ್ಕಿಂತ ಸ್ವಚ್ಛವಾಗಿ ಕೇಳುತ್ತವೆ ಎಂದು. ಕೋಟಿಗಟ್ಟಲೆ ಸುರಿಯುವವರೇ ಹೀಗೆ ಮಾಡಿದರೆ ವಾಡಿಯ ಹುಡುಗನದೇನು! ಆದರೆ ಸಮಾಧಾನದಿಂದ ಹಾಡು ಸರಿಹೋಗುವುದಿಲ್ಲ.

ಒಂದು ಮಾತು ಇಲ್ಲಿ ಒಪ್ಪಬೇಕು. ಜಾಲತಾಣದ ಅಳತೆಗಳು ಟಂಟಂಗೆ ಅನ್ವಯಿಸುವುದಿಲ್ಲ. ಪೆನ್‌ಡ್ರೈವಿನ ಹಾಡನ್ನು ಯಾರೂ ಇಳಿಸಿ ಸಮ ಮಾಡುವುದಿಲ್ಲ, ಅಲ್ಲಿ ಸಣ್ಣ ಸದ್ದಿನ ಹಾಡು ಸೋಲುವುದು ಖರೆ. ಹಾಗಾಗಿ "ಜೋರು ಬೇಡವೇ ಬೇಡ" ಎಂದು ಉಪದೇಶಿಸುವ ಪಂಡಿತರು ನಮ್ಮ ರಸ್ತೆಯಲ್ಲಿ ಒಮ್ಮೆ ಓಡಾಡಲಿ ಎನಿಸುತ್ತದೆ. ಜೋರು ಬೇಕಿತ್ತು. ಅದನ್ನು ನಾನು ತರಲು ಹೊರಟ ಜಾಗ ತಪ್ಪಾಗಿತ್ತು.

ಮತ್ತೆ ರೆಕಾರ್ಡ್ ಮಾಡುತ್ತೇನೆ ಎಂದು ಮುತ್ಯಾನ ಮುಂದೆ ಕೈಕಟ್ಟಿ ನಿಂತಾಗ ಅವರು ಒಂದೇ ಷರತ್ತು ಹಾಕಿದರು: "ನಾವ್ ಕೂಡೂ ಹಂಗ ಕೂಡ್ತೀವಿ. ನೀ ನಿಂದು ಎಲ್ಲಿ ಇಡ್ಬೇಕೋ ಇಟ್ಕೋ." ಈ ಸಲ ಜಾಗ ಚಿತ್ತಾಪುರದಲ್ಲಿ, ನಮ್ಮ ಸೋದರಮಾವನ ಹಳೆಯ ಮಾಳಿಗೆ ಮನೆ. ಮಣ್ಣಿನ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣು. ಪಡಸಾಲೆಯ ಒಂದು ಮಗ್ಗುಲಿಗೆ ಮಾರಲಿಕ್ಕೆ ಇಟ್ಟ ತೊಗರಿ ಚೀಲಗಳ ಸಾಲು. ಚಪ್ಪಾಳೆ ತಟ್ಟಿದೆ. ಸದ್ದು ಅಲ್ಲೇ ನಿಂತಿತು. ನಮ್ಮ ಕೋಣೆಯಲ್ಲಿ ತಟ್ಟಿದರೆ ಝಣ್ ಎಂದು ಎದುರುಬದುರು ಗೋಡೆಗೆ ಬಡಿದಾಡುತ್ತದೆ. ನುಣುಪು ಕಲ್ಲು ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀರಿ ಉಳಿದದ್ದನ್ನು ತಿರುಗಿ ಎಸೆಯುತ್ತದೆ. ಹತ್ತು ಅಡಿಯ ಕೋಣೆಯಲ್ಲಿ 56 ಹರ್ಟ್ಜ್, ಅದರ ಎರಡರಷ್ಟಾದ 112 ಹರ್ಟ್ಜ್‌ಗಳಲ್ಲಿ ಸದ್ದು ಗೋಡೆಗಳ ನಡುವೆ ನಿಂತು ಉಬ್ಬುತ್ತದೆ. ತಬಲಾದ ಡಗ್ಗಾ ಆ ಆಸುಪಾಸಿಗೆ ಬಂದರೆ ಗುಂಯ್ ಎನ್ನುತ್ತದೆ. ಆ ಮಾರ್ದನಿ ಮೊದಲಿಗೆ ಸಣ್ಣದಾಗಿಯೇ ಇರುತ್ತದೆ. ಹನ್ನೆರಡು ಡೆಸಿಬಲ್ ಎತ್ತಿದರೆ ಅದೂ ಹನ್ನೆರಡು ಎದ್ದು ಬರುತ್ತದೆ, ಫ್ಯಾನೂ ಬರುತ್ತದೆ, ರೈಲೂ ಬರುತ್ತದೆ. ಜಾತ್ರೆಯಲ್ಲಿ ಊರಿನವರು ಕೇಳಿದ್ದು ಅರ್ಧ ಮುತ್ಯಾನನ್ನು, ಇನ್ನರ್ಧ ನಮ್ಮ ಮನೆಯನ್ನು.

ಮೇಳ ತನ್ನ ಅರ್ಧ ವೃತ್ತದಲ್ಲಿ ಕೂತಿತು. ಮೈಕನ್ನು ಮುತ್ಯಾನ ಎದುರಿಗೆ ಎರಡು ಮೊಳ ದೂರದಲ್ಲಿ ನಿಲ್ಲಿಸಿದೆ. ಕೇಳಿದ ತಕ್ಷಣ ನಾನು ಎಷ್ಟು ದಡ್ಡನೆಂದು ತಿಳಿಯಿತು. ಅವರು ಕೂರುವ ರೀತಿಯೇ ಮಿಕ್ಸಿಂಗ್. ಮೈಕು ಇಲ್ಲದ ಕಾಲದಿಂದ ರಾತ್ರಿಯಿಡೀ ಭಜನೆ ಮಾಡಿದವರು, ಕಟ್ಟೆಯ ಕೊನೆಯಲ್ಲಿ ಕಂಬಳಿ ಹೊದ್ದು ಕೂತವನಿಗೂ ಪದ ಮುಟ್ಟಬೇಕು ಎಂದು ತಾಳವನ್ನು ಹಿಂದಕ್ಕೆ, ಹಾರ್ಮೋನಿಯಂ ಅನ್ನು ಒಂದು ಮೊಳ ಆಚೆಗೆ ಸರಿಸಿಟ್ಟವರು. ಹಿಂದೆ ಗ್ರಾಮಫೋನಿನವರೂ ಇದನ್ನೇ ಮಾಡುತ್ತಿದ್ದರು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ತಗಡಿನ ಕಹಳೆಯೊಳಕ್ಕೆ. 1925ರ ಸುಮಾರಿಗೆ ವಿದ್ಯುತ್ ಮೈಕು ಬರುವವರೆಗೆ ಯಾರು ಕಹಳೆಗೆ ಎಷ್ಟು ಹತ್ತಿರ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ನಾನು ಮೇಳವನ್ನು ಬಿಡಿಬಿಡಿಯಾಗಿ ಒಡೆದು, ಒಂದೊಂದನ್ನೂ ಗೇಣು ದೂರದಿಂದ ಹಿಡಿದು, ಹಾಳಾದ ಆ ಹದವನ್ನು ಲಿಮಿಟರಿನಿಂದ ವಾಪಸು ತರಲು ಒದ್ದಾಡಿದ್ದೆ.

ತಾಳ ದೂರವಾದದ್ದರಿಂದ ತುದಿಗಳು ತಾವಾಗಿ ತಗ್ಗಿದವು. ಲಿಮಿಟರಿಗೆ ಕೈ ಹಾಕುವ ಮೊದಲೇ ಪದ ಮೇಲೆ ಬಂದಿತ್ತು. ರೆಕಾರ್ಡ್ ಮಾಡುವಾಗಲೂ ಈ ಸಲ ತುದಿಗಳನ್ನು ಮೈನಸ್ 10ರ ಸುತ್ತಲೇ ಇಟ್ಟೆ. 24 ಬಿಟ್‌ನಲ್ಲಿ ತೆಗೆಯುವಾಗ ಮೀಟರನ್ನು ಕೆಂಪಿನವರೆಗೆ ಓಡಿಸುವ ಅವಶ್ಯಕತೆ ಇಲ್ಲವೇ ಇಲ್ಲ.

ಉಳಿದ ಕೆಲಸ ಹೆಚ್ಚಿನದಲ್ಲ, ಆದರೆ ತಾಳ್ಮೆಯದು. 80 ಹರ್ಟ್ಜ್‌ಗಿಂತ ಕೆಳಗಿನದನ್ನು ಹಾಡಿನಿಂದ ತೆಗೆದೆ. ಅಲ್ಲಿ ಮುತ್ಯಾ ಇಲ್ಲ, ರಸ್ತೆಯ ಗುಡುಗು ಇದೆ. ಅದು ಕಿವಿಗೆ ಅಷ್ಟಾಗಿ ಬೀಳುವುದಿಲ್ಲ, ಮೀಟರಿನಲ್ಲಿ ಜಾಗ ಮಾತ್ರ ತಿನ್ನುತ್ತದೆ. ಮರದ ಮೇಲಿನ ಹಾರ್ನಾಗಲಿ ಮೊಬೈಲಿನ ಪುಟ್ಟ ಸ್ಪೀಕರಾಗಲಿ ಆ ಕೆಳಗಿನ ಸದ್ದನ್ನು ನುಡಿಸಲಾರವು. 1933ರಲ್ಲೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಮನುಷ್ಯನ ಕಿವಿ ಎಲ್ಲ ಶ್ರುತಿಗಳಿಗೂ ಒಂದೇ ಸಮ ಎಚ್ಚರವಾಗಿಲ್ಲ ಎಂದು ಅಳೆದು ತೋರಿಸಿದ್ದರು. ಅತಿ ಹೆಚ್ಚು ಚುರುಕು ಇರುವುದು ಮೂರು ನಾಲ್ಕು ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ. ಮಾತಿನ ವ್ಯಂಜನಗಳ ಸ್ಪಷ್ಟತೆಯೂ ಹೆಚ್ಚಾಗಿ ಆ ಸುತ್ತಿನದೇ. ನಮ್ಮ ಹಾರ್ಮೋನಿಯಂ ರೀಡುಗಳ ಕೀರಲು ಕೂಡ ಅಲ್ಲೇ ಬಂದು ಕೂರುತ್ತದೆ. ಬಿಡಿ ಟ್ರ್ಯಾಕು ಇಲ್ಲದ್ದರಿಂದ ಪೆಟ್ಟಿಗೆಯ ಕೀರಲನ್ನು ಕಂಪ್ಯೂಟರಿನಲ್ಲಿ ಇಳಿಸಲು ಬರುವಂತಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೌದಿಯನ್ನು ಅರ್ಧ ಹೊದಿಸಿ ಮತ್ತೆ ನುಡಿಸಲು ಹೇಳಿದೆ. ಮೀಟರ್ ಇದ್ದಲ್ಲೇ ಇತ್ತು. ಮುತ್ಯಾನ ದನಿ ಮಾತ್ರ ಒಂದು ಹೆಜ್ಜೆ ಮುಂದೆ ಬಂದು ನಿಂತಿತು.

ಸಾಲಿನ ಕೊನೆಯ ಇಳಿದ ಮಾತುಗಳನ್ನು ಒಂದೊಂದಾಗಿ ಹುಡುಕಿ, ಎರಡು ಮೂರು ಡೆಸಿಬಲ್ ಕೈಯಿಂದಲೇ ಎತ್ತಿದೆ. ಸಾಲು ಸಾಲಿಗೂ ಕೂತು ಮಾಡಬೇಕಾದ ಕೆಲಸ. ಬೆನ್ನು ನೋವು ಬರುತ್ತದೆ. ಯಾವ ಯಂತ್ರಕ್ಕೂ ಇದನ್ನು ವಹಿಸಲಾಗದು, ಯಾಕೆಂದರೆ ಯಾವ ಮಾತು ಮುಖ್ಯ ಎಂದು ತಿಳಿಯಲು ಪದ ಗೊತ್ತಿರಬೇಕು. ಆಮೇಲೆ ಲಿಮಿಟರಿಗಿಂತ ಮೆದುವಾಗಿ ಒತ್ತುವ ಕಂಪ್ರೆಸರಿನಿಂದ ಎರಡು ಡೆಸಿಬಲ್, ಕೊನೆಯಲ್ಲಿ ಲಿಮಿಟರಿನಿಂದ ಎರಡು ಮೂರು. ಎಂಪಿ3 ಮಾಡುವಾಗ, ವಾಟ್ಸಾಪಿನಲ್ಲಿ ಹೋಗುವಾಗ ತುದಿಗಳು ಮತ್ತೆ ಏಳುತ್ತವೆ ಎಂದು ಮೇಲೆ ಒಂದು ಡೆಸಿಬಲ್ ಖಾಲಿ ಬಿಟ್ಟೆ. ಜಾಲತಾಣಕ್ಕೆ ಮೈನಸ್ 14ರಲ್ಲಿ ಒಂದು ಪ್ರತಿ, ಪೆನ್‌ಡ್ರೈವಿಗೆ ಮೈನಸ್ 11ರಲ್ಲಿ ಇನ್ನೊಂದು. ಮೈನಸ್ 7ರ ಹಳೆಯದಕ್ಕಿಂತ ಇದು ಅಳತೆಯಲ್ಲಿ ನಾಲ್ಕು ಡೆಸಿಬಲ್ ಕಮ್ಮಿ. ಹಾರ್ನಿನಲ್ಲಿ ಕೇಳಿದಾಗ ಪದ ಬೇವಿನ ಮರ ದಾಟಿ ಅಗಸಿಯವರೆಗೆ ಬಿಡಿಬಿಡಿಯಾಗಿ ಕೇಳಿತು.

ಆಮೇಲೆ ಚಿಂಚೋಳಿ ಕಡೆ ಕಲಿತ ಇನ್ನೊಂದು ಪಾಠ ಚಿಕ್ಕದು. ಕುಂಚಾವರಂ ಕಾಡಿನ ಕಡೆಯ ಒಂದು ತಾಂಡಾದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಹಾಡುಗಳನ್ನು ರಾತ್ರಿ ಊಟದ ನಂತರ ತೆಗೆದೆ. ರೈಲು ಇಲ್ಲ, ಫ್ಯಾಕ್ಟರಿ ಇಲ್ಲ, ಚಳಿಗಾಲವಾದ್ದರಿಂದ ಫ್ಯಾನೂ ಇಲ್ಲ. ದೂರದ ಜೀರುಂಡೆ ಒಂದಿತ್ತು. ನಾನು ತೆಗೆದ ಹಾಡುಗಳಲ್ಲಿ ಅತಿ ಜೋರಾಗಿ ಎತ್ತಲು ಬಂದದ್ದು ಅವೇ. ಕೆಳಗೆ ಗದ್ದಲ ಇಲ್ಲದಿದ್ದರೆ ಎತ್ತಿದಾಗ ಮೇಲೆ ಬರಲು ಹಾಡಲ್ಲದೆ ಬೇರೇನೂ ಇರುವುದಿಲ್ಲ. ವಾಡಿಯ ಕೋಣೆಯನ್ನೂ ಈಗ ಬದಲಿಸಿದ್ದೇನೆ: ಮೂರು ಗೋಡೆಗೆ ಅವ್ವ ಹೊಲಿದ ಕೌದಿಗಳು, ಗೋಡೆಗೆ ಅಂಟದಂತೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ತೂಗುಹಾಕಿದವು. ಅವು ದನಿಯ ಮಾರ್ದನಿಯನ್ನು ಹಿಡಿಯುತ್ತವೆ. ಡಗ್ಗಾದ ಗುಂಯ್ ಹಿಡಿಯಲು ಅಷ್ಟು ತೆಳುವಿನ ಬಟ್ಟೆಗೆ ಆಗದು, ಅದಕ್ಕೆ ತಬಲಾದವರನ್ನು ಕೋಣೆಯ ನಡುವಿನಿಂದ, ಮೂಲೆಗಳಿಂದ ಸರಿಸಿ ಕೂಡಿಸುತ್ತೇನೆ. ಏಪ್ರಿಲ್ ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೆಲಸ ಮಾಡಲು ನಮ್ಮ ಬಿಸಿಲಿನಲ್ಲಿ ಸಾಧ್ಯವಿಲ್ಲ, ಆ ಎರಡು ತಿಂಗಳು ರೆಕಾರ್ಡಿಂಗ್ ಇಟ್ಟುಕೊಳ್ಳುವುದೇ ಇಲ್ಲ.

ಮೊದಲ ಸಲದ ಹಾಡುಗಳಲ್ಲಿ ಒಂದನ್ನು ಮಾತ್ರ ಮತ್ತೆ ತೆಗೆಯಲಾಗಲಿಲ್ಲ. ಹಾರ್ಮೋನಿಯಂನ ಕಾಳಿ ಎರಡರ ಶ್ರುತಿಯಲ್ಲಿ ಏರಿ ಹಾಡಿದ್ದ ಪದ ಅದು. ಮುತ್ಯಾ ಈಗ ಬಿಳಿ ಒಂದಕ್ಕೆ ಇಳಿದಿದ್ದಾರೆ, ಆ ಏರು ಬರುವುದಿಲ್ಲ, ಅವರೇ "ಅದು ಆಯ್ತು ಬಿಡು" ಎಂದರು. ನನ್ನ ಬಳಿ ಇರುವುದು ತುದಿ ಕತ್ತರಿಸಿದ, ಮೈನಸ್ 7ರ ಫೈಲು. ಒತ್ತಿದ ಹಾಡನ್ನು ಒತ್ತುವ ಮೊದಲಿನ ಸ್ಥಿತಿಗೆ ತರುತ್ತೇವೆ ಎನ್ನುವ ಸಾಫ್ಟ್‌ವೇರುಗಳು ಕತ್ತರಿಸಿದ ತುದಿಯನ್ನು ಊಹಿಸಿ ತುಂಬುತ್ತವೆ ಅಷ್ಟೇ. ಮುತ್ಯಾ ಹಾಡಿದ್ದು ಅಲ್ಲಿಲ್ಲ.

ಆದ್ದರಿಂದ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಊರುಗಳಲ್ಲಿ ಭಜನೆ, ಮೊಹರಂ ಪದ, ತಾಂಡಾದ ಹಾಡು ರೆಕಾರ್ಡ್ ಮಾಡುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಕೇಳಿಕೆ. ಜೋರು ಮಾಡಿ, ಬೇಡ ಎನ್ನುವುದಿಲ್ಲ. ಮಾಡುವ ಮೊದಲು ಮೂಲದ ವೇವ್ ಫೈಲನ್ನು ಹಾಗೇ ಇನ್ನೊಂದು ಹಾರ್ಡ್‌ಡಿಸ್ಕಿಗೆ ಹಾಕಿ, ಹಾಡಿದವರ ಹೆಸರು, ಊರು, ತಾರೀಕು ಬರೆದಿಡಿ. ಜಾಗ ಸಾಲದಿದ್ದರೆ ಸಿನಿಮಾ ಅಳಿಸಿ.